ಮೊದಲ ಕತ್ತರಿ

“ಮೇಯರ್ ಬಂದ್ರು! ಮಗೂನ ಈಚೆ ಕರ್ಕೊಂಡು ಬಾರೇ!”

ಅತ್ತೆ ಫೆಲೀಪಾ ಅಂಗಳದಿಂದ ಕೂಗಿದಾಗ, ಹುಟ್ಟುಗೂದಲು ತೆಗೆಯುವ ಶಾಸ್ತ್ರಕ್ಕೆಂದು ಮಗನ ಕೂದಲಿಗೆ ರಿಬ್ಬನ್ ಕಟ್ಟುತ್ತಿದ್ದ ಸಾತುರ್ನಿನಾಳ ಕೈ ನಿಂತೇಹೋಯಿತು. ಮೊದಲ ಎಳೆ ಕತ್ತರಿಸಿದವನೇ ಮಗುವಿಗೆ ಧರ್ಮತಂದೆ, ಮನೆಗೆ ಜೀವಮಾನದ ನಂಟ. ಆ ಕತ್ತರಿ... ಅವನ ಕೈಗೆ!

ಎರಡು ವರ್ಷದ ಹಿಂದೆ ಮಗಳು ನಿಲ್ದಾ ಜ್ವರದಲ್ಲಿ ಬೇಯುತ್ತಿದ್ದಾಗ, ಊರಿಗಿದ್ದ ಒಂದೇ ಆಂಬುಲೆನ್ಸ್ ಮೇಯರ್ ದೋನ್ ಅಬ್ದೋನನ ಮಗಳ ಮದುವೆಗೆ ಬಿಯರ್ ಸಾಗಿಸುತ್ತಿತ್ತು. ಪತ್ರಿಕೆಯಲ್ಲಿ ಚಿತ್ರಸಮೇತ ಬಂತು. ಆದರೆ ನಿಲ್ದಾಳ ಶವಪೆಟ್ಟಿಗೆಗೆ ಅವನೇ ಹೆಗಲು ಕೊಟ್ಟಿದ್ದ. ಊರು ನೆನಪಿಟ್ಟುಕೊಂಡದ್ದು ಆ ಹೆಗಲನ್ನು. ಬರುವ ಭಾನುವಾರ ಮತ್ತೆ ಚುನಾವಣೆ. ಹೆತ್ತವಳೇ ಕರೆದು ಕತ್ತರಿ ಕೊಟ್ಟಳೆಂದರೆ ಇನ್ನು ಅವನನ್ನು ಪ್ರಶ್ನಿಸುವವರು ಯಾರು?

“ನನ್ನನ್ನೊಂದು ಮಾತು ಕೇಳ್ಲಿಲ್ಲವಲ್ಲ ಅತ್ತೆ...” ಎಂದಳು, ಫೆಲೀಪಾ ಒಳಬಂದಾಗ.

“ಕೇಳೋದೇನು? ನಿನ್ನ ಗಂಡ ಓಡಿಸೋ ಕಸದ ಲಾರಿ ಯಾರು ಕೊಟ್ಟಿದ್ದು? ಉಂಡ ಮನೆ ಜಂತೆ ಎಣಿಸಬಾರದು ಕಣೇ! ಕದಿಯದೋರು ಯಾರವ್ರೆ? ಹಿಂದಿನವನು ಬರೀ ಕದ್ದ. ಇವನು ಕದ್ರೂ ರಸ್ತೆ ಹಾಕಿಸ್ದ.”

“ಆ ರಸ್ತೇಲಿ ಬಿಯರ್ ಹೋಯ್ತು ಅತ್ತೆ... ನನ್ನ ಮಗಳು ಹೋಗ್ಲಿಲ್ಲ.”

ಗಂಡ ರುಫೀನೊ ಕತ್ತರಿಯನ್ನು ತಟ್ಟೆಯಲ್ಲಿಟ್ಟು ಅಂಗಳಕ್ಕೆ ಒಯ್ದ.

ಅಂಗಳದ ತುಂಬ ಜನ, ಮೆಕ್ಕೆಜೋಳದ ಹೆಂಡ ಚಿಚಾ, ಹಾರ್ಪ್ ವಾದ್ಯ. ತಟ್ಟೆಯಲ್ಲಿ ಕತ್ತರಿ. ದೋನ್ ಅಬ್ದೋನ್ ಟೋಪಿ ತೆಗೆದು ಕೈಚಾಚಿದ. “ಕೊಡು ತಾಯಿ. ಇವತ್ತಿಂದ ನಾವೆಲ್ಲ ಒಂದೇ ಮನೆಯವರು.”

ಸಾತುರ್ನಿನಾ ಕತ್ತರಿ ಎತ್ತಿಕೊಂಡಳು. ಮೊದಲ ಎಳೆಯನ್ನು ತಾನೇ ಕತ್ತರಿಸಿಬಿಟ್ಟಳು!

“ಇವನಕ್ಕನಿಗೆ ಬೇಕಾಗಿದ್ದು ಹೆಗಲಲ್ಲ ಸ್ವಾಮಿ... ಆಂಬುಲೆನ್ಸು!”

ಹಾರ್ಪ್ ನಿಂತಿತು. ದೋನ್ ಅಬ್ದೋನನ ಕಣ್ಣಲ್ಲಿ ನೀರು ತುಂಬಿತು; ನಿಜವಾದದ್ದೋ ಏನೋ, ಅವಳಿಗೆ ತಿಳಿಯಲಿಲ್ಲ. ಮಗುವಿಗೆ ಉಡುಗೊರೆಯಾಗಿ ತಂದಿದ್ದ ಕುರಿಮರಿಯನ್ನು ಅಲ್ಲೇ ಬಿಟ್ಟು, ಕೈಮುಗಿದು, ಒಂದು ಗುಟುಕೂ ಕುಡಿಯದೆ ಹೊರಟುಹೋದ.

“ಪಾಪ! ಮನೆಗೆ ಕರೆದು ಮರ್ಯಾದೆ ಕಳೆದ್ಳಲ್ಲ!” ಎಂದಳು ಪಕ್ಕದ ಮನೆಯಾಕೆ.

“ಹೆಣ ಹೊತ್ತವನಿಗೆ ಇದೇನಾ ಕೊಡೋದು?” ಎಂದಳು ಇನ್ನೊಬ್ಬಳು.

ಸಂತೆಯಲ್ಲಿ, ಚರ್ಚಿನ ಮೆಟ್ಟಿಲಲ್ಲಿ ವಾರವಿಡೀ ಅದೇ ಮಾತು. ಆಂಬುಲೆನ್ಸಿನ ಸುದ್ದಿ ಯಾರೂ ಎತ್ತಲಿಲ್ಲ. ರುಫೀನೊನ ಕೆಲಸವನ್ನೂ ಮೇಯರ್ ಕಿತ್ತುಕೊಳ್ಳಲಿಲ್ಲ. ಎಂಥ ದೊಡ್ಡ ಮನಸ್ಸು ಎಂದು ಊರು ಅದಕ್ಕೂ ಹೊಗಳಿತು. ಭಾನುವಾರ ಅವನು ಹಿಂದೆಂದಿಗಿಂತ ಹೆಚ್ಚು ಮತಗಳಿಂದ ಗೆದ್ದ. ಅವನನ್ನು ಗೆಲ್ಲಿಸಿದ್ದು ತನ್ನದೇ ಕತ್ತರಿ... ಸಾತುರ್ನಿನಾ ಮಗನನ್ನು ತೊಡೆಯ ಮೇಲಿಟ್ಟುಕೊಂಡು ಹೊಸ್ತಿಲಲ್ಲಿ ಅಳುತ್ತ ಕುಳಿತಳು.

ಸಂಜೆ ಚೌಕದಲ್ಲಿ ಪಟಾಕಿ ಸಿಡಿಯುತ್ತಿದ್ದಾಗ ಫೆಲೀಪಾ ಬಂದು ಪಕ್ಕದಲ್ಲಿ ಕುಳಿತಳು. ಮತ ಹಾಕಿದ ಶಾಯಿ ಹತ್ತಿದ ಬೆರಳಿಂದ ಮೊಮ್ಮಗನ ತಲೆಯ ಬೋಳು ಜಾಗವನ್ನು ಸವರಿದಳು.

“ಅಳ್ಬೇಡ ಕಣೇ... ಬೋಳಾದ್ರೇನು, ಮತ್ತೆ ಬೆಳೆಯುತ್ತೆ.”

“ಹೌದು ಅತ್ತೆ,” ಎಂದಳು ಸಾತುರ್ನಿನಾ. “ಕೂದಲು ಬೆಳೆಯುತ್ತೆ.”