ದೊಡ್ಡ ಕಿವಿಯ ಹುಲಿ

"ಅಮ್ಮಾ, ಹುಲಿಗೆ ಇಷ್ಟು ದೊಡ್ಡ ಕಿವಿ ಇರುತ್ತಾ?"

ಚೂಟಿ ಕನ್ನಡಿ ಮುಂದೆ ನಿಂತಿದ್ದಳು. ತಲೆ ಮೇಲೆ ತಟ್ಟೆಯಗಲದ ಎರಡು ಕಿವಿ. ಮೈಗೆಲ್ಲ ಬೂದು ಬಟ್ಟೆ. ಹಿಂದೆ ದಾರದಂಥ ಬಾಲ. ಪಟ್ಟೆ ಅಂತ ಹುಡುಕಿದರೂ ಒಂದಿಲ್ಲ.

ಅಣ್ಣ ಮಂಚದ ಮೇಲೆ ಬಿದ್ದು ಬಿದ್ದು ನಕ್ಕ. "ಇದು ಹುಲಿ ಅಲ್ವೇ, ಇಲಿ! ಒಂದು ತಿಂಗಳು ಬೆಟ್ಟ ಅಗೆದೆ, ಸಿಕ್ಕಿದ್ದು ನೋಡು!"

"ನೀನು ಹುಲಿ ಅಂತ ತಾನೇ ಹೇಳಿದ್ದು?" ಅಮ್ಮ ಕೇಳಿದರು.

"ಎರಡು ಸಲ ಹೇಳಿದೀನಮ್ಮ! ಆ ಟೈಲರ್ ತಾತಂಗೆ ಜಂಭ. ಯಾರ ಮಾತೂ ಕೇಳಲ್ಲ."

ಬೀದಿಯವರೆಲ್ಲ ಹಾಗೇ ಅನ್ನುತ್ತಿದ್ದರು. ಬಾಗಿಲಲ್ಲಿ ನಿಂತು ಕೂಗಿದರೆ ತಾತ ತಲೆ ಎತ್ತುವುದಿಲ್ಲ. 'ಊಟ ಆಯ್ತಾ?' ಅಂದರೆ 'ನಾಳೆ ಬಾ' ಅನ್ನುತ್ತಾರೆ. ಮಕ್ಕಳು ಜಂಭದ ತಾತ ಅಂತಲೇ ಹೆಸರಿಟ್ಟಿದ್ದರು.

ಸ್ಕೂಲಿನ ನಾಟಕ ನಾಳೆಯೇ. ಹುಲಿ ಪಾರ್ಟ್ ಸಿಗಲಿ ಅಂತ ಘರ್ಜಿಸಿ ಘರ್ಜಿಸಿ ಚೂಟಿ ಗಂಟಲು ಕೆಡಿಸಿಕೊಂಡಿದ್ದಳು. ವೇಷ ಕಳಚಿ ಕಂಕುಳಲ್ಲಿ ಸಿಕ್ಕಿಸಿಕೊಂಡು ಒಂದೇ ಓಟ ಓಡಿದಳು.

ತಾತ ಬಾಗಿಲಿಗೆ ಬೆನ್ನು ಹಾಕಿ ಮೆಷಿನ್ ತುಳಿಯುತ್ತಿದ್ದರು.

"ತಾತಾ!"

ಊಹೂಂ.

"ತಾತಾ, ಏನು ಹೊಲಿದಿದ್ದೀರ ನೀವು?"

ತಾತ ತಿರುಗಿಯೂ ನೋಡಲಿಲ್ಲ. ಚೂಟಿಗೆ ಸಿಟ್ಟು ನೆತ್ತಿಗೇರಿತು. ತಿಂಗಳಿಡೀ ಕಲಿತದ್ದನ್ನೆಲ್ಲ ಒಟ್ಟು ಸೇರಿಸಿ ಬಿಟ್ಟಳು: "ಗರ್‌ರ್‌ರ್‌ರ್!"

ಮೆಟ್ಟಿಲ ಮೇಲೆ ಮಲಗಿದ್ದ ಬೆಕ್ಕು ಹಾರಿ ಓಡಿತು. ಎದುರಿನ ಕಟಿಂಗ್ ಶಾಪಿನವನು ಕತ್ತರಿ ಹಿಡಿದುಕೊಂಡೇ ಹೊರಗೆ ಬಂದ. ತಾತ ಮಾತ್ರ ಆರಾಮಾಗಿ ಮೆಷಿನ್ ತುಳಿಯುತ್ತಲೇ ಇದ್ದರು.

ಚೂಟಿ ತೆರೆದ ಬಾಯಿ ಮುಚ್ಚಲಿಲ್ಲ. ಎಂಥ ಜಂಭದವರಾದರೂ ಇಷ್ಟಕ್ಕೆ ಒಂಚೂರು ಬೆಚ್ಚಬೇಡವೇ?

ಮೆಲ್ಲಗೆ ಸುತ್ತಿ ಬಂದು ಅವರ ಮುಂದೆ ನಿಂತಳು.

"ಓಹೋ, ಇಲಿಮರಿ! ಅಳತೆ ಸರಿಹೋಯ್ತಾ?" ತಾತನ ಮುಖ ಅರಳಿತು. ಕಣ್ಣು ಅವಳ ತುಟಿ ಮೇಲೆ.

ಚೂಟಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಹೇಳಿದಳು, "ಹುಲಿ ತಾತ, ಹುಲಿ."

"ಆಂ? ನಾಳೆ ಬಾ."

ಚೂಟಿ ಒಂದು ಗಳಿಗೆ ಯೋಚಿಸಿದಳು. ಕೈ ತೆಗೆದಳು. "ಹು... ಲಿ."

ತಾತನ ಕೈ ನಿಂತುಹೋಯಿತು. "ಅಯ್ಯೋ ನನ್ನ ಕರ್ಮವೇ! ಅವತ್ತೂ ನೀನು ಕೈ ಅಡ್ಡ ಇಟ್ಟಿದ್ದೆ, ತುಟಿ ಕಾಣ್ಲಿಲ್ಲ, ಇಲಿ ಅಂದ್ಕೊಂಡೆ." ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಕಿವಿ ಕೇಳ್ಸಲ್ಲ ಮಗೂ. ಹತ್ತಿರ ನಿಂತ್ರೆ ಅಷ್ಟೋ ಇಷ್ಟೋ. ಉಳಿದಿದ್ದು ತುಟಿ ನೋಡಿ ತಿಳ್ಕೊಳ್ಳೋದು. ಯಾರಿಗೂ ಹೇಳ್ಬೇಡಮ್ಮ. ಕಿವುಡ ಟೈಲರ್ ಅಂತ ಗೊತ್ತಾದ್ರೆ ಯಾರು ಬಟ್ಟೆ ಕೊಡ್ತಾರೆ?"

ಆಮೇಲೆ ಕೇಳಿದರು, "ಅದು ಸರಿ, ನೀನ್ಯಾಕೆ ಬಾಯಿ ಮುಚ್ಕೋತೀಯ?"

ಚೂಟಿ ಆ ಕಡೆ ಈ ಕಡೆ ನೋಡಿ, ತಟಕ್ಕನೆ ಬಾಯಿ ಅಗಲಿಸಿ ತೋರಿಸಿದಳು. ಮುಂದಿನ ಎರಡು ಹಲ್ಲೂ ನಾಪತ್ತೆ! ತಾತ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳೂ ನಕ್ಕಳು, ಕೈ ಅಡ್ಡ ಇಡದೆ.

ಅಂಗಡಿಯಲ್ಲಿ ಹಳದಿ ಬಟ್ಟೆ ಇರಲಿಲ್ಲ. ತಾತ ಬೂದು ಬಟ್ಟೆ ಮೇಲೆಯೇ ಕರಿ ಪಟ್ಟೆ ಹಚ್ಚಿ ಹೊಲಿದರು. ಕಿವಿ ಕತ್ತರಿಸಿ ಚಿಕ್ಕದು ಮಾಡಿದರು. ಬಾಲಕ್ಕೆ ಹತ್ತಿ ತುಂಬಿದರು. ಹುಲಿಗೆ ಸ್ವಲ್ಪ ವಯಸ್ಸಾದಂತೆ ಕಂಡರೂ ಹುಲಿಯೇ ಆಯಿತು.

ಮನೆಗೆ ಬಂದರೆ ಅಮ್ಮನ ಸಿಟ್ಟು ಇನ್ನೂ ಇಳಿದಿರಲಿಲ್ಲ. "ಏನಂದ್ರು ಆ ಮಹಾಶಯರು? ಮಾತೇ ಕೇಳ್ಸಿಕೊಳ್ಳದವರ ಹತ್ತಿರ ಇನ್ನು ಬಟ್ಟೆ ಕೊಡೋದೇ ಬೇಡ. ಪಕ್ಕದ ಮನೆಯವರಿಗೂ ಹೇಳ್ತೀನಿ."

ಬಾಯಿಗೆ ಹೋಗುತ್ತಿದ್ದ ಕೈಯನ್ನು ಚೂಟಿ ಕೆಳಗಿಳಿಸಿದಳು.

"ತಾತಂದು ತಪ್ಪಿಲ್ಲಮ್ಮ. ನನ್ನ ಹಲ್ಲು ಬಿದ್ದಿದೆಯಲ್ಲ... ಹುಲಿ ಅನ್ನೋಕೆ ಹೋಗಿ ನಾನೇ ಇಲಿ ಅಂದ್ಬಿಟ್ಟೆ."

ಅಣ್ಣ ನಕ್ಕ ರಭಸಕ್ಕೆ ಮಂಚದಿಂದ ಕೆಳಗೇ ಬಿದ್ದ. ಅಂದು ಸಂಜೆಯೆಲ್ಲ ಅವನಿಗೆ ಅದೇ ಕೆಲಸ. "ಇಲೀ, ನೀರು ಕೊಡೇ!" "ಇಲೀ, ನನ್ನ ಪೆನ್ ಎಲ್ಲೇ?"

ಕರೆದಾಗಲೆಲ್ಲ ಚೂಟಿ "ಓ" ಅಂದಳು.