ರೂಮ್ ಹನ್ನೆರಡರ ಗಾಳಿ ರೋಗಿ

ಸೋಮವಾರ ಬೆಳಿಗ್ಗೆ ಠಾಣೆಗೆ ಬಂದ ಹೆಂಗಸು ಅಳುತ್ತಿರಲಿಲ್ಲ. ಕೂರಿ ಎಂದು ಇನ್‌ಸ್ಪೆಕ್ಟರ್ ಹೇಳುವ ಮೊದಲೇ ಮೊಬೈಲನ್ನು ಅವರ ಮೇಜಿನ ಮೇಲಿಟ್ಟರು.

“ಸಾರ್, ನಮ್ಮೆಜಮಾನ್ರು ತೀರಿಕೊಂಡಿದ್ದು ಬುಧವಾರ ರಾತ್ರಿ. ಗುರುವಾರ ಬೆಳಿಗ್ಗೆ ಆಸ್ಪತ್ರೆಯಿಂದ ಆರಾಮಾಗಿ ಮನೆಗೆ ಹೋದ್ರು ಅಂತ ಇದ್ರಲ್ಲಿ ಬಂದಿದೆ. ಹೆಂಗೆ ಹೋದ್ರು? ಅದೊಂದು ಹೇಳಿ, ಸಾಕು.”

ಸಂದೇಶ ಆರೋಗ್ಯ ವಿಮೆ ಕಂಪನಿಯದು. ಪಿತ್ತಕೋಶದ ಶಸ್ತ್ರಚಿಕಿತ್ಸೆ, ಒಂದು ರಾತ್ರಿ ಒಳರೋಗಿ, ಗುರುವಾರ ಹತ್ತಕ್ಕೆ ಬಿಡುಗಡೆ, ಸ್ಥಿತಿ ತೃಪ್ತಿಕರ, ಕ್ಲೇಮ್ ಮಂಜೂರು. ಇನ್‌ಸ್ಪೆಕ್ಟರ್ ಎರಡು ಸಲ ಓದಿದರು. ಸೈಕಲ್ ಕಳ್ಳತನದಿಂದ ಕೊಲೆಯವರೆಗೆ ಎಲ್ಲವನ್ನೂ ಕಂಡಿದ್ದ ಅವರ ಸರ್ವಿಸಿನಲ್ಲಿ, ಸತ್ತ ಮೇಲೆ ಗುಣವಾದ ಮನುಷ್ಯ ಇವನೇ ಮೊದಲು.

“ಬುಧವಾರ ಎಷ್ಟು ಹೊತ್ತಿಗೆ ಮನೆಗೆ ಬಂದ್ರಿ?”

“ಸಂಜೆ ಆರಕ್ಕೆ. ಮನೆ ಹಾಸಿಗೇಲೇ ನಿದ್ದೆ ಬರೋದು ಅಂತ ಇವರೇ ಹಟ ಹಿಡಿದ್ರು. ಒಂಬತ್ತಕ್ಕೆ ಹೊಟ್ಟೆ ಕಲ್ಲಾಯ್ತು. ಮೈಯೆಲ್ಲ ತಣ್ಣಗೆ. ಆಟೋದಲ್ಲಿ ದೊಡ್ಡಾಸ್ಪತ್ರೆಗೆ ಹೋಗೋಷ್ಟರಲ್ಲಿ...”

ಶಾಲಾ ಬಸ್ಸಿನ ಚಾಲಕ ಅವರ ಗಂಡ. ದೊಡ್ಡಾಸ್ಪತ್ರೆಯವರು ಮರಣೋತ್ತರ ಪರೀಕ್ಷೆ ಮಾಡಿಸಿದ್ದರು. ಹೊಟ್ಟೆಯೊಳಗೆ ರಕ್ತಸ್ರಾವ. ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿ ಹೆಡ್ ಕಾನ್‌ಸ್ಟೇಬಲ್ಲನ್ನು ಕರೆದರು. ಮಾತಿಗೊಂದು ಸಲ ಯಾಕೆ ಎನ್ನುವ ಆ ಹೆಣ್ಣುಮಗಳಿಗೆ ಠಾಣೆಯವರು ಇಟ್ಟಿದ್ದ ಹೆಸರು ಯಾಕಮ್ಮ.

ಮಧ್ಯಾಹ್ನ ವಿಮೆ ಕಂಪನಿಯ ಅಧಿಕಾರಿ ಕಡತದೊಂದಿಗೆ ಬಂದ.

“ಒಂದು ರಾತ್ರಿ ಉಳಿದ್ರೆ ಒಳರೋಗಿ ಸಾರ್, ನಾವು ಕೊಡ್ತೀವಿ. ಅದೇ ಆಪರೇಷನ್ ಮಾಡಿಸ್ಕೊಂಡು ಸಂಜೆ ಮನೆಗೆ ಹೋದ್ರೆ ಹೊರರೋಗಿ. ಇವರ ಪಾಲಿಸಿಯಲ್ಲಿ ಅದಕ್ಕೆ ಏನೂ ಇಲ್ಲ.”

“ಅದೇ ಡಾಕ್ಟ್ರು, ಅದೇ ಕತ್ತರಿ, ಅದೇ ಹೊಲಿಗೆ. ಯಾಕೆ?” ಯಾಕಮ್ಮ ಕೇಳಿದಳು.

“ನಿಯಮ ಹಾಗಿದೆ ಮೇಡಂ.”

“ನಿಯಮ ಇದೆ ಅಂತ ಗೊತ್ತಾಯ್ತು. ಯಾಕೆ ಅಂದೆ.”

ಅಧಿಕಾರಿ ಕನ್ನಡಕ ಒರೆಸಿಕೊಂಡ. ಇನ್‌ಸ್ಪೆಕ್ಟರಿಗೆ ನಗು ಬಂದರೂ ತಲೆಯೊಳಗೆ ಹುಳ ಹೊಕ್ಕಿತ್ತು. ರಾತ್ರಿ ಉಳಿದಿದ್ದಾನೆ ಎಂದು ಬರೆದುಬಿಟ್ಟರೆ ಮುಗಿಯಿತು. ಆಗ ಆ ರಾತ್ರಿ ಆ ಹಾಸಿಗೆಯಲ್ಲಿ ಯಾರಿರುತ್ತಾರೆ?

ಮಂಗಳವಾರ ಸಾಕ್ಷಿಗೆ ಇಬ್ಬರು ಪಂಚರನ್ನು ಕರೆದುಕೊಂಡು, ಆಪರೇಷನ್ ನಡೆದ ಆಸ್ಪತ್ರೆಗೆ ಇಬ್ಬರೂ ಹೋದರು. ಚಾಲಕ ರಾತ್ರಿ ಉಳಿದಿದ್ದ ಎಂದು ಕಡತ ಹೇಳುವ ರೂಮ್ ಹನ್ನೆರಡು ಮೂರನೇ ಮಹಡಿಯ ಮೂಲೆಯಲ್ಲಿತ್ತು. ಮಂಚ, ಸ್ಟ್ಯಾಂಡು, ಕಿಟಕಿಗೆ ಪರದೆ. ಎಲ್ಲ ಸರಿಯೇ. ಯಾಕಮ್ಮ ಹಾಸಿಗೆಯ ಮೇಲಿನ ಬಿಳಿ ಬಟ್ಟೆ ಎತ್ತಿದಳು. ಕೆಳಗಿನ ಹಾಸಿಗೆಗೆ ಅಂಗಡಿಯ ಪ್ಲಾಸ್ಟಿಕ್ ಇನ್ನೂ ಸುತ್ತಿಕೊಂಡೇ ಇತ್ತು. ಇನ್‌ಸ್ಪೆಕ್ಟರ್ ತಲೆದೆಸೆಯ ಕರೆಗಂಟೆ ಒತ್ತಿದರು. ಸದ್ದಿಲ್ಲ. ಅದರ ವೈರು ಗೋಡೆಯವರೆಗೂ ಹೋಗಿರಲಿಲ್ಲ.

“ಇಲ್ಲಿ ಯಾರಾದ್ರೂ ಮಲಗಿದ್ದಾರಾ ಸಿಸ್ಟರ್?”

ಹಿರಿಯ ನರ್ಸ್ ಬಾಗಿಲಲ್ಲೇ ನಿಂತಿದ್ದರು. “ಇದು ಗಾಳಿ ಪೇಷೆಂಟ್‌ಗಳ ರೂಮು ಸಾರ್. ಸಂಜೆ ಮನೆಗೆ ಹೋಗೋರನ್ನ ಇಲ್ಲಿದ್ದಾರೆ ಅಂತ ಕಂಪ್ಯೂಟರಿಗೆ ಹಾಕ್ತಾರೆ. ಡಾಕ್ಟ್ರು ಹೋಗಬಹುದು ಅಂದವರೇ ತಾನೇ, ಬಡವರಿಗೆ ವಿಮೆ ಸಿಗಲಿ ಅಂತ ನಾವೂ ಸುಮ್ಮನಿದ್ವಿ.”

“ಹಾಕೋರು ಯಾರು?”

“ಇನ್ಶೂರೆನ್ಸ್ ಡೆಸ್ಕಿನ ಹುಡುಗ. ತುಂಬ ಒಳ್ಳೆಯವನು ಸಾರ್.”

ಪಂಚನಾಮೆ ಬರೆಸಿ ರೂಮಿಗೆ ಸೀಲು ಹಾಕಿದರು. ಆದರೆ ನರ್ಸ್ ಹೇಳಿದ ಒಂದು ಮಾತು ಇನ್‌ಸ್ಪೆಕ್ಟರಿಗೆ ಅನುಮಾನ ಹುಟ್ಟಿಸಿತ್ತು. ಈ ಚಾಲಕನಿಗೂ ಡಾಕ್ಟರು ಹೋಗಬಹುದು ಎಂದಿದ್ದರೇ?

ಶಸ್ತ್ರವೈದ್ಯರು ಕೈ ತೊಳೆಯುತ್ತಿದ್ದರು.

“ಅವರನ್ನ ಮನೆಗೆ ಕಳ್ಸಿ ಅಂದಿದ್ರಾ?”

“ಬೆಳಿಗ್ಗೆ ಅಂದಿದ್ದೆ. ಆಪರೇಷನ್ನಲ್ಲಿ ಹೊಟ್ಟೆ ಒಳಗೆ ನೋಡಿದ ಮೇಲೆ ಮನಸ್ಸು ಬದಲಾಯ್ತು. ಸ್ವಲ್ಪ ಜಾಸ್ತಿನೇ ರಕ್ತ ಬಂದಿತ್ತು. ಇವತ್ತು ರಾತ್ರಿ ಇರ್ಲಿ ಅಂದ್ಕೊಂಡೆ.”

“ಯಾರಿಗೆ ಹೇಳಿದ್ರಿ?”

ನಲ್ಲಿ ಹರಿಯುತ್ತಲೇ ಇತ್ತು. “ಹೇಳೋಣ ಅಂತ ಕಂಪ್ಯೂಟರ್ ನೋಡ್ದೆ. ಆಗಲೇ ರೂಮ್ ಹನ್ನೆರಡು ಅಂತ ಇತ್ತು. ಯಾರೋ ವ್ಯವಸ್ಥೆ ಮಾಡಿಬಿಟ್ಟಿದ್ದಾರೆ, ಒಳ್ಳೇದಾಯ್ತು ಅಂದ್ಕೊಂಡೆ. ಮಲಗೋ ಮುಂಚೆ ಇನ್ನೊಂದು ಸಲ ಕಂಪ್ಯೂಟರಿನಲ್ಲೇ ನೋಡ್ದೆ. ಅಲ್ಲೇ ಇದ್ರು.”

ಯಾಕಮ್ಮನೇ ಮುಂದೆ ಹೋಗಿ ನಲ್ಲಿ ನಿಲ್ಲಿಸಿದಳು.

ಇಷ್ಟೇ ಆಗಿದ್ದರೆ ಎಲ್ಲರ ಕಣ್ಣು ತಪ್ಪಿ ನಡೆದ ಅನಾಹುತ ಎನ್ನಬಹುದಿತ್ತು. ಆದರೆ ವಿಮೆಗೆ ಕಳಿಸಿದ ಚಾರ್ಟಿನಲ್ಲಿ ರಾತ್ರಿಯ ಜ್ವರ, ನಾಡಿ, ರಕ್ತದೊತ್ತಡ ಎಲ್ಲವೂ ಇದ್ದವು. ಇನ್‌ಸ್ಪೆಕ್ಟರ್ ಚಾಲಕನ ಹೆಂಡತಿಯ ಮನೆಗೆ ಹೋದರು.

“ಸಾವಿನ ಸುದ್ದಿ ಆಸ್ಪತ್ರೆಯವರಿಗೆ ಹೇಳಿದ್ರಾ ಅಮ್ಮ?”

“ಹೇಳ್ದೆನಲ್ಲ. ಗುರುವಾರ ಬೆಳಿಗ್ಗೆ ಎಂಟಕ್ಕೇ ಆ ಡೆಸ್ಕಿನ ಹುಡುಗನಿಗೆ ಫೋನ್ ಮಾಡ್ದೆ. ನಮಗೆ ಬೇರೆ ಯಾರು ಗೊತ್ತು? ಮಗನ ಥರ ಓಡಾಡಿದ್ದ. ಸುದ್ದಿ ಕೇಳಿದವನೇ ಫೋನ್ ಇಟ್ಟುಬಿಟ್ಟ ಸಾರ್.”

ಕರೆಯ ವಿವರ ಮರುದಿನ ಬಂತು. ಎಂಟಕ್ಕೆ ಸುದ್ದಿ ಮುಟ್ಟಿತ್ತು. ಹತ್ತಕ್ಕೆ ಅವನು ಆ ಸತ್ತವನನ್ನು ಗುಣಪಡಿಸಿ ಮನೆಗೆ ಕಳಿಸಿದ್ದ.

ಅದೇ ದಿನ ಮಧ್ಯಾಹ್ನ ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕಿನ ಮುಂದೆ ಸಾಲಿತ್ತು. ಇಸ್ತ್ರಿ ಮಾಡಿದ ಅಂಗಿಯ ಯುವಕ ಒಬ್ಬ ಮುದುಕಿಗೆ ಎಲ್ಲಿ ಸಹಿ ಹಾಕಬೇಕೆಂದು ತೋರಿಸುತ್ತಿದ್ದ. ಪೊಲೀಸರನ್ನು ಕಂಡು ಪೆನ್ನಿನ ಮುಚ್ಚಳ ಹಾಕಿದ.

“ಇವರದ್ದೊಂದು ಮುಗಿಸಿಬಿಡ್ಲಾ ಸಾರ್?”

“ಮುಗಿಸು.”

ಮುಗಿಸಿ ಎದ್ದು ಬಂದ. ಹಿಂದೆ ಸಾಲಿನಲ್ಲಿ ಯಾರೋ ಕೂಗಿದರು, “ಏನಪ್ಪಾ, ನಮ್ಮ ಕೆಲ್ಸ ಯಾರು ಮಾಡ್ತಾರೆ ಈಗ?”

ಠಾಣೆಯಲ್ಲಿ ಅವನು ಏನನ್ನೂ ಮುಚ್ಚಿಡಲಿಲ್ಲ.

“ಎಷ್ಟು ತಗೊಳ್ತಿದ್ದೆ?”

“ಒಂದು ಕಾಸೂ ಮುಟ್ಟಿಲ್ಲ ಸಾರ್. ಯಾರನ್ನ ಬೇಕಾದ್ರೂ ಕೇಳಿ.” ಕೇಳಿದ್ದರು. ಅದು ನಿಜವೇ ಆಗಿತ್ತು.

“ಮತ್ಯಾಕೆ?” ಎಂದಳು ಯಾಕಮ್ಮ.

“ಅಪ್ಪ ಗಡಿಯಾರ ರಿಪೇರಿ ಮಾಡ್ತಿದ್ರು. ಎರಡೂ ಕಣ್ಣಿಗೆ ಪೊರೆ. ಒಂದಕ್ಕೆ ಆಪರೇಷನ್ ಮಾಡಿ ಸಂಜೆನೇ ಮನೆಗೆ ಹೋಗಿ ಅಂದ್ರು. ಖುಷಿಯಾಗಿ ಬಂದ್ವಿ. ರಾತ್ರಿ ಉಳಿದಿಲ್ಲ ಅಂತ ವಿಮೆ ಬರ್ಲಿಲ್ಲ. ಇನ್ನೊಂದು ಕಣ್ಣು ಬೇಡ ಬಿಡು ಅಂದುಬಿಟ್ರು. ಅಂಗಡಿ ಮುಚ್ಚಿದ್ರು. ನಾನು ಡೆಸ್ಕಿಗೆ ಸೇರಿದ ಮೇಲೆ, ಯಾರಿಗೂ ಹಾಗಾಗೋಕೆ ಬಿಡಬಾರ್ದು ಅಂತ...”

“ಆ ಚಾರ್ಟು?”

ಅವನು ತನ್ನ ಅಂಗೈ ನೋಡಿಕೊಂಡ. “ಆ ಅಮ್ಮ ಫೋನ್ ಮಾಡಿದ ಮೇಲೆ, ಅವರ ಯಜಮಾನ್ರು ರಾತ್ರಿ ಆಸ್ಪತ್ರೆಲೇ ಇದ್ರು ಅಂತ ಇರ್ಲಿ, ವಿಮೆನಾದ್ರೂ ಬರ್ಲಿ ಅನಿಸ್ತು. ಬರೀತಾ ಬರೀತಾ ನಾಡಿ ಎಷ್ಟು ಅಂತ ಹಾಕೋದು ಗೊತ್ತಾಗ್ಲಿಲ್ಲ ಸಾರ್. ನನ್ನ ಕೈ ನಾನೇ ಹಿಡಿದು ಎಣಿಸಿ ಬರೆದೆ.”

ಇನ್‌ಸ್ಪೆಕ್ಟರ್ ಬಂಧನದ ಸಮಯ ಬರೆಸಿ, ಮನೆಯವರಿಗೆ ತಿಳಿಸಲು ಹೇಳಿದರು.

ಸಂಜೆ ಅವನ ತಂದೆ ಬಂದರು. ಬಂಧನದ ತಿಳಿವಳಿಕೆ ಪತ್ರವನ್ನು ಮುಂದಿಟ್ಟಾಗ, ಕಾಣುವ ಕಣ್ಣು ಹಾಳೆಯ ಮೇಲೆ ಬರುವಂತೆ ಮುಖವನ್ನು ಪೂರ್ತಿ ಪಕ್ಕಕ್ಕೆ ತಿರುಗಿಸಿದರು. ಆದರೂ ಪೆನ್ನು ಗೆರೆ ಬಿಟ್ಟು ಮೇಜಿಗೆ ತಾಗಿತು. ಯಾಕಮ್ಮ ಅವರ ಪಕ್ಕಕ್ಕೆ ಬಂದು ಆ ಕೈಯನ್ನು ಹಗುರವಾಗಿ ಹಿಡಿದು, ಸಹಿಯ ಜಾಗಕ್ಕೆ ತಂದು ನಿಲ್ಲಿಸಿದಳು.