ಮಾಂಜ್ರಾ ಕೇಳಿದ ಅಳತೆ

ಕಾರ್ತಿಕ ಕಳೆದು ಮಾಂಜ್ರಾ ಹೊಳೆ ಇಳಿದಿತ್ತು. ನೀರು ಬಿಟ್ಟುಕೊಟ್ಟ ಉಸುಕಿನಲ್ಲಿ ನಡುವಾಡಿಯ ಹೆಂಗಸರು ಸಾಲಾಗಿ ಕುಣಿ ತೋಡಿ, ಕುಣಿಗೊಂದು ಬೊಗಸೆ ತಿಪ್ಪೆಗೊಬ್ಬರ ಹಾಕಿ, ನೆನೆಸಿದ ಕಲ್ಲಂಗಡಿ ಬೀಜ ಊರುತ್ತಿದ್ದರು. ಗಂಡಸರು ದನ ನುಗ್ಗದಂತೆ ಜಾಲಿಮುಳ್ಳಿನ ಬೇಲಿ ಎಳೆಯುತ್ತಿದ್ದರು. ಭಾಲ್ಕಿಯಿಂದ ಔರಾದಿಗೆ ಹೋಗುವ ಬಂಡಿದಾರಿ ಹೊಳೆ ದಾಟುವಲ್ಲಿ ಆ ಊರು. ನಿಜಾಮ ಮಹಬೂಬ್ ಪಾಷಾ ತೀರಿಕೊಂಡ ಮರುವರ್ಷ ಅದರ ನಕಾಶೆ ಬರೆಯಲು ಬೀದರಿನಿಂದ ಶಿವರಾಜಪ್ಪ ಬಂದಿದ್ದ.

ಎತ್ತರದ ಆಳು. ದರ್ಜಿ ಖಾಜಾ ಮಿಯಾ ಹೊಲಿದ ಶೇರವಾನಿ ಮೈಗೆ ಎರಕ ಹೊಯ್ದಂತೆ ಕೂತಿತ್ತು. ಅಳತೆಯ ಸರಪಳಿ ಹಿಡಿಯಲು ಊರಿನ ಅಂಬಿಗ ಪಂಢರಿ ಸಿಕ್ಕಿದ್ದ. ಅವನ ಅಂಗಿಯ ತೋಳು ಬೆರಳ ತುದಿ ದಾಟಿ ಜೋತಾಡುತ್ತಿತ್ತು.

"ಏನೋ ಪಂಢರಿ, ನಿಮ್ಮಪ್ಪನ ಅಂಗಿ ಹಾಕ್ಕೊಂಡು ಬಂದೀ ಏನು?"

"ನಂದೇ ಅದರಿ ಸಾಹೇಬ್ರ. ನಮ್ಮೂರಾಗ ದಾರ ಹಿಡದು ಮನಷ್ಯಾನ್ನ ಅಳೆಯಂಗಿಲ್ರಿ. ದರ್ಜಿ ಕಣ್ಣಂದಾಜಿನ ಮ್ಯಾಲೇ ಕತ್ತರಿ ಆಡಸ್ತಾನ."

"ಅದಕ್ಕ ಊರಿಗೂರೇ ಗೋಣಿಚೀಲ ತೊಟ್ಕೊಂಡು ತಿರಗ್ತದ!" ಶಿವರಾಜಪ್ಪ ಹೊಟ್ಟೆ ಹಿಡಿದು ನಕ್ಕ.

ದಂಡೆಯಲ್ಲಿ ಮೊಣಕಾಲೆತ್ತರದ ಕರಿಕಲ್ಲೊಂದು ವಾಲಿ ನಿಂತಿತ್ತು. ಅದನ್ನು ಕಿತ್ತು ಅದೇ ಜಾಗದಲ್ಲಿ ಸರ್ಕಾರದ ಗಡಿಕಲ್ಲು ನೆಡಬೇಕೆಂದು ಅವನು ಹಾರೆ ತರಿಸಿದಾಗ, ಬೀಜದ ಬುಟ್ಟಿ ಕೆಳಗಿಟ್ಟು ಗುರಮ್ಮ ಎದ್ದು ಬಂದಳು. ಗಿಡ್ಡ ಮುದುಕಿ. ಅವಳ ಕಣ್ಣು ಅವನ ಶೇರವಾನಿಯ ಕೊರಳ ಗುಂಡಿಯ ಮಟ್ಟಕ್ಕಿದ್ದವು.

"ಆ ಕಲ್ಲಿಗಿ ಕೈ ಹಚ್ಚಬ್ಯಾಡ್ರಿ, ಯಪ್ಪಾ."

"ಯಾಕ ಆಯಿ, ಕೆಳಗ ಬಂಗಾರ ಹುಗದೀಯೇನು?"

ಗುರಮ್ಮ ನಗಲಿಲ್ಲ. "ಈ ಹೊಳಿ ಮೂರು ಸಲ ಊರು ತಿಂದದರಿ. ಮೊದಲಿನ ಊರು ಆ ನಡುನೀರಾಗ ಇತ್ತು. ಎರಡನೇದು ಈ ಉಸುಕಿನ ಬುಡಕ. ಕುಣಿ ತೋಡಿದ್ರ ಇವತ್ತಿಗೂ ಬೀಸೂಕಲ್ಲು ಸಿಗ್ತಾವ. ಮೂರನೇದೂ ಹೋದಮ್ಯಾಲ ಒಬ್ಬ ಮಂತ್ರಗಾರ ಬಂದ. ಹೊಳಿಗಿ ಒಂದು ಆಳಿನ ಅಳತಿ ಕೊಡ್ರಿ, ಕಲ್ಲು ದಾಟಂಗಿಲ್ಲ ಅಂದ. ನಮ್ಮ ಮುತ್ತ್ಯಾನ ತಂಗಿ ಭಾಗೀರಥಿ ಎದ್ದು ನಿಂತಳು. ನೆತ್ತಿಯಿಂದ ಅಂಗಾಲಿನ ತನಕ ದಾರ ಹಿಡದ, ಗಂಟು ಹಾಕಿ ಗಡಗ್ಯಾಗ ಮುಚ್ಚಿದ. ಅವತ್ತೇ ಅಕಿ ಕೊಡ ತೊಗೊಂಡು ನೀರಿಗಿ ಹೋದಾಕಿ... ಕೊಡ ಅಷ್ಟೇ ತೇಲಿ ಬಂತು."

"ಮತ್ತ ಈಗ?"

"ಅಕಿ ಗಂಟು ಬಿಚ್ಚಿದವ್ರು ತಮ್ಮ ಅಳತಿ ಕೊಡಬೇಕಾಗ್ತದರಿ."

"ಹೊಳಿಗೂ ಅಂಗಿ ಹೊಲಿಸೂದದ ಏನು?" ಎಂದ ಶಿವರಾಜಪ್ಪ, ತಾನೇ ಹಾರೆ ಇಳಿಸಿದ.

ಕಲ್ಲು ಸಲೀಸಾಗಿ ಕಿತ್ತು ಬಂತು, ಯಾರೋ ಕೆಳಗಿನಿಂದ ನೂಕಿಕೊಟ್ಟ ಹಾಗೆ. ಅಡಿಯಲ್ಲಿ ಕರ್ರಗಿನ ಗಡಿಗೆ. ಮುಚ್ಚಳ ಸರಿಸಿದ್ದೇ ಒದ್ದೆ ಕೂದಲಿನ, ಕೊಳೆತ ಪಾಚಿಯ ವಾಸನೆ ಮೂಗಿಗೆ ಅಡರಿತು. ಒಳಗಿನ ಕತ್ತಲೆಯಲ್ಲಿ ಕೈಯಾಡಿಸಿದಾಗ ಸಿಕ್ಕಿದ್ದು ದಾರದ ಸುರುಳಿಯೊಂದೇ. ಅಷ್ಟು ವರ್ಷ ಮಣ್ಣಿನೊಳಗಿದ್ದರೂ ಹೊಸದರಂತೆ ಬಿಗಿಯಾಗಿತ್ತು. ನಡುವೆ ಒಂದು ಗಂಟು.

ಸರ್ಕಾರದ ಕಲ್ಲನ್ನು ಕುಣಿಗಿಳಿಸಿದರು. ಅದು ನೆಟ್ಟಗಿದೆಯೇ ಎಂದು ನೋಡಲು ದಾರಕ್ಕೆ ತೂಗುಬಿಡುವ ಹಿತ್ತಾಳೆ ಗುಂಡೊಂದು ಶಿವರಾಜಪ್ಪನ ಬಳಿ ಇತ್ತು. ಅದರ ದಾರ ಮುನ್ನಾದಿನವೇ ಹರಿದಿತ್ತು. ಅವನು ಗಡಿಗೆಯ ದಾರವನ್ನೇ ಎತ್ತಿಕೊಂಡ. ಗುಂಡಿನ ತೂತಿನಲ್ಲಿ ಗಂಟು ಸಿಕ್ಕಿಕೊಂಡಿತು. ಉಗುರಿನಿಂದ ಬಿಚ್ಚಿದ.

ಬೇಲಿ ಕಟ್ಟುತ್ತಿದ್ದವರ ಕೊಡಲಿ ಸದ್ದು ನಿಂತಿತು. ದಂಡೆಯ ಹಕ್ಕಿಗಳು ಸುಮ್ಮನಾದವು.

ಗುಂಡು ನೆಟ್ಟಗೆ ಇಳಿಯಲಿಲ್ಲ. ಹೊಳೆಯ ಕಡೆ ವಾಲಿ ನಿಂತಿತು.

ಗಾಳಿ ಇರಬೇಕೆಂದುಕೊಂಡ. ಊರಿನ ಒಲೆಗಳ ಹೊಗೆ ಕಂಬದ ಹಾಗೆ ನೇರ ಏರುತ್ತಿತ್ತು. ಕೈ ಬದಲಿಸಿದ. ಗುಂಡು ಮತ್ತೂ ವಾಲಿತು.

"ಪಂಢರಿ, ಗುಂಡು ಹಿಡಿ."

ಪಂಢರಿ ಹಿಡಿದ. ಹಿಡಿದವನು ಒಂದು ಹೆಜ್ಜೆ ಮುಂದೆ ಹೋದ. ಇನ್ನೊಂದು. ದಾರ ಗುಂಡಿನಿಂದ ಕಳಚಿ ಶಿವರಾಜಪ್ಪನ ಕೈಯಲ್ಲೇ ಉಳಿಯಿತು. "ಸಾಹೇಬ್ರ... ಮುಷ್ಟಿ ಬಿಚ್ಚವಲ್ದರಿ."

ಮೋಡವಿಲ್ಲ. ಮಳೆಯಿಲ್ಲ. ಆದರೂ ನೀರು ಬಂತು. ಸದ್ದಿಲ್ಲದೆ ಬಂತು. ಊರಿದ ಬೀಜದ ಕುಣಿಗಳು ಒಂದೊಂದಾಗಿ ಕರಗಿದವು. ಹೆಂಗಸರು ಮಕ್ಕಳನ್ನು ಬಾಚಿಕೊಂಡು ಓಡಿದರು. ಕೆಸರುನೀರು ಶಿವರಾಜಪ್ಪನ ಪಾದ ಮುಟ್ಟಿತು, ಮೊಣಕಾಲು ಮುಟ್ಟಿತು, ತೊಡೆಗೆ ಬಂತು. ಮುಂದೆ ಪಂಢರಿ ಎದೆಮಟ್ಟ ಮುಳುಗಿದ್ದ. ಹೊಳೆಯಲ್ಲೇ ಹುಟ್ಟಿ ಬೆಳೆದ ಅಂಬಿಗ, ಈಜಲೊಲ್ಲದೆ, ಕೈ ಮುಂದೆ ಚಾಚಿ ನಡೆಯುತ್ತಲೇ ಇದ್ದ.

ನೀರಿನಲ್ಲಿ ತಡವರಿಸುತ್ತ ಬಂದ ಗುರಮ್ಮ ಶಿವರಾಜಪ್ಪನ ಕೈಯಲ್ಲಿದ್ದ ದಾರದ ತುದಿ ಹಿಡಿದಳು. "ಗಂಟು ಬಿಚ್ಚಿದಾಂವ ನೀನು. ಅಳತಿ ಕೊಡ್ತೀಯೋ, ಅವನ್ನ ಕೊಡ್ತೀಯೋ?"

ಪಂಢರಿಯ ಗದ್ದಕ್ಕೆ ನೀರು ಬಂತು. ಅವನು ತಿರುಗಿ ನೋಡಿದ. ಬಾಯೊಳಗೆ ನೀರು.

"ಕೊಡ್ತೀನಿ! ಕೊಡ್ತೀನಿ, ಅಳಿ!"

ಆ ಕ್ಷಣಕ್ಕೆ ಶಿವರಾಜಪ್ಪನ ತಲೆಯಲ್ಲಿ ಒಂದು ಉಪಾಯ ಹೊಳೆಯಿತು. ನನ್ನದಲ್ಲದ ಅಳತೆ ಕೊಟ್ಟರೆ ಅದು ನನ್ನನ್ನು ಹ್ಯಾಗೆ ಹಿಡಿದೀತು? ಗುರಮ್ಮ ದಾರದ ತುದಿಯನ್ನು ಅವನ ನೆತ್ತಿಗೆ ಒತ್ತುವಾಗ, ಕೆಸರುನೀರಿನೊಳಗೆ ಅವನು ಮೊಣಕಾಲು ಬಗ್ಗಿಸಿದ. ಒಂದು ಗೇಣಿನಷ್ಟು. ಈಗ ಮುದುಕಿಯ ಕಣ್ಣು ಅವನ ಕಣ್ಣಿಗೆ ಸಮಸಮ ಬಂದವು. ಅವಳು ಏನೋ ಹೇಳಲು ಬಾಯಿ ತೆರೆದಳು. ಪಂಢರಿಯ ತಲೆ ಮುಳುಗಿತು. ಅವಳು ಬಗ್ಗಿ, ದಾರವನ್ನು ಶಿವರಾಜಪ್ಪನ ಅಂಗಾಲಿನವರೆಗೆ ಇಳಿಸಿ, ಗಂಟು ಬಿಗಿದಳು.

ಪಂಢರಿ ಕೆಮ್ಮುತ್ತ ಮೇಲೆದ್ದ. ಮುಷ್ಟಿ ಬಿಚ್ಚಿತ್ತು.

ನೀರು ಬಂದ ಹಾಗೆಯೇ ಹೋಯಿತು. ಸರ್ಕಾರದ ಕಲ್ಲು ಕಿತ್ತರು. ಹೊಸ ಗಂಟಿನ ದಾರ ಗಡಿಗೆಗೆ, ಗಡಿಗೆ ಮತ್ತೆ ಕುಣಿಗೆ, ಅದರ ಮೇಲೆ ಕರಿಕಲ್ಲು. ಶಿವರಾಜಪ್ಪ ಆ ದಿನವೇ ಕುದುರೆ ಏರಿದ. ಭಾಲ್ಕಿ ದಾಟಿದ ಮೇಲೆ ನಗು ಬಂತು. ಹೊಳೆಗೇ ತಪ್ಪು ಅಳತೆ ಕೊಟ್ಟು ಬಂದಿದ್ದ.

ಪುಷ್ಯಮಾಸದಲ್ಲಿ ಶೇರವಾನಿಯ ತೋಳು ಮಣಿಕಟ್ಟು ದಾಟಿತು. "ನನ್ನ ಕತ್ತರಿ ತಪ್ಪಿಲ್ಲ ಜನಾಬ್," ಎಂದ ಖಾಜಾ ಮಿಯಾ, ಟೇಪು ಎರಡು ಸಲ ಹಿಡಿದು ನೋಡಿ, ಮೂರನೆಯ ಸಲಕ್ಕೆ ಹಿಡಿಯದೆ. "ನೀವೇ ಕಮ್ಮಿ ಆಗೀರಿ." ಹೆಂಡತಿ ಶಾಂತಾಬಾಯಿ ಪಾಯಜಾಮದ ಅಂಚು ಮಡಿಸಿ ಹೊಲಿದಳು. ಮಾಘದಲ್ಲಿ ಮತ್ತೊಂದು ಮಡಿಕೆ. ಆ ಅಂಚು ಎಷ್ಟು ಬಿಸಿಲಿಗೆ ಹಾಕಿದರೂ ಒಣಗುತ್ತಿರಲಿಲ್ಲ. "ಹೊಳಿ ನಾತ ಬರ್ತದಲ್ರಿ," ಅಂದಳು ಅವಳು, ಮೂಗು ಮುಚ್ಚಿಕೊಂಡು. ಶಿವರಾಜಪ್ಪನಿಗೆ ಆಗ ತಿಳಿಯಿತು: ಭಾಗೀರಥಿ ಸರಿಯಾದ ಅಳತೆ ಕೊಟ್ಟವಳು, ಹೊಳೆ ಅವಳನ್ನು ಅಂದೇ ಒಯ್ದಿತು. ತನ್ನ ಮೈ ಆ ದಾರದ ಅಳತೆಗೆ ಕೂಡುವ ತನಕ ಅದು ಕಾಯುತ್ತಿದೆ. ಆ ಅಳತೆ ಎಷ್ಟೆಂದು ಬಲ್ಲವಳು ದಾರ ಹಿಡಿದ ಗುರಮ್ಮ ಒಬ್ಬಳೇ.

ಚೈತ್ರದ ಮಧ್ಯಾಹ್ನ ಬೀದರಿನ ಮನೆಯ ಬಾಗಿಲ ಮುಂದೆ ಬಂಡಿ ನಿಂತಿತು. ಪಂಢರಿ ಕಲ್ಲಂಗಡಿ ಇಳಿಸುತ್ತಿದ್ದ. "ನನ್ನ ಜೀವ ಉಳಿಸಿದ್ರಿ ಸಾಹೇಬ್ರ, ಮತ್ತ ಬೀಜ ಊರಿದ್ವಿ, ಮೊದಲ ಹಣ್ಣು ನಿಮಗ ಅಂತ ತಂದೇವ್ರಿ," ಎಂದು ಹಲ್ಲುಬಿಟ್ಟು ನಕ್ಕವನು, ಬಾಗಿಲಿಗೆ ಬಂದ ಸಾಹೇಬನನ್ನು ಕಂಡು ನಗು ನುಂಗಿದ. ಶೇರವಾನಿಯ ತೋಳು ಬೆರಳ ತುದಿ ದಾಟಿ ಜೋತಾಡುತ್ತಿತ್ತು.

ಬಂಡಿಯಿಂದ ಇಳಿದ ಗುರಮ್ಮ ಹಣ್ಣೊಂದನ್ನು ಎತ್ತಿಕೊಂಡು ಎದುರು ಬಂದು ನಿಂತಳು. ಅವಳು ತಲೆಯೆತ್ತಬೇಕಾಗಲಿಲ್ಲ. ಅವಳ ಕಣ್ಣು ಅವನ ಕಣ್ಣಿಗೆ ಸಮಸಮ ಬಂದವು.

ಅವಳ ಕೈಯಿಂದ ಹಣ್ಣು ಜಾರಿ ಒಡೆಯಿತು.

"ಅಳತಿ ಕೂಡ್ತಲ್ಲೋ, ಯಪ್ಪಾ..."

ಬೀದರಿನ ಎತ್ತರಕ್ಕೆ ಹೊಳೆ ಹತ್ತಿದ್ದನ್ನು ಯಾರೂ ಕಂಡವರಿಲ್ಲ. ಮನೆಯೊಳಗೆ, ಅವನ ಬೆನ್ನ ಹಿಂದೆ, ಶಾಂತಾಬಾಯಿ ಕೂಗಿದಳು: "ಏನ್ರೀ, ಇಷ್ಟು ನೀರು ಎಲ್ಲಿಂದ ಬಂತು?"